ಕೂಸಿಗೊಂದು ಟೋಕನ್

"ನೌಕರಿಗೆ ಸೇರಿ ಹನ್ನೊಂದು ವರ್ಷ ಆತು! ನನ್ನ ಕೈಯಾಗ ಒಂದ್ ಗಾಡಿನೂ ಇನ್ನೊಂದ್ ಗಾಡಿಗೆ ಮೂತಿ ತಾಗಿಸಿಲ್ಲ. ಇಷ್ಟು ಗಾಡಿ ಸಂಭಾಳಿಸಾಂವಗ ಒಂದ್ ಕೂಸಿನ್ನ ಸಂಭಾಳಿಸೋದು ದೊಡ್ಡ ಮಾತೇನು?"

ಚಿತ್ತಾಪುರದ ಸಹಾಯಕ ಸ್ಟೇಷನ್ ಮಾಸ್ತರ ಕಲ್ಯಾಣಪ್ಪ ಹೀಗೆಂದು ಗರ್ಜಿಸಿದ್ದು ಬೇಸಿಗೆಯ ಒಂದು ಬುಧವಾರ, ತನ್ನ ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ನಿಂತು. ಎದುರಿಗೆ ಶ್ರೋತೃಗಳು ಮೂವರು: ಹೆಂಡತಿ ರತ್ನಾಬಾಯಿ, ಬಲಗಡೆ ಮನೆಯ ಗ್ಯಾಂಗ್‌ಮನ್ ಸಾಬಣ್ಣನ ಹೆಂಡತಿ ಭೀಮಬಾಯಿ, ಎಡಗಡೆ ಮನೆಯ ಪಾಯಿಂಟ್ಸ್‌ಮನ್ನನ ಹೆಂಡತಿ ಅಮೀರ್ಬೀ. ಭಾಷಣದ ವಿಷಯವೇ ಆಗಿದ್ದ ಎರಡು ವರ್ಷದ ದಾನಮ್ಮ ಮಾತ್ರ ಅಪ್ಪನ ಸೀಟಿಯ ದಾರವನ್ನು ಚೀಪುತ್ತ ನೆಲದ ಮೇಲೆ ಕೂತಿದ್ದಳು.

ಗರ್ಜನೆಗೆ ಕಾರಣವಿತ್ತು. ಅಂದು ಮಧ್ಯಾಹ್ನ ದಾನಮ್ಮ ಕಳೆದುಹೋಗಿದ್ದಳು! ಕೂಸು ಅಮೀರ್ಬೀ ಮನೆಯಲ್ಲಿದೆ ಎಂದು ಭೀಮಬಾಯಿ, ಭೀಮಬಾಯಿ ಮನೆಯಲ್ಲಿದೆ ಎಂದು ಅಮೀರ್ಬೀ. ಇಬ್ಬರೂ ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದರು. ಕೊನೆಗೆ ಕೂಸು ಸಿಕ್ಕಿದ್ದು ಗೂಡ್ಸ್ ಶೆಡ್ಡಿನ ದೊಡ್ಡ ತಕ್ಕಡಿಯ ಮೇಲೆ, ಶೇಂಗಾ ಚೀಲಗಳ ನಡುವೆ. "ಒಂದ್ ಚೀಲ ಯಾಕೋ ಹೆಚ್ಚಿಗಿ ತೂಗ್ತದಲ್ಲ ಅಂತ ಮೂರು ಸಲ ತೂಗಿದೆ, ಮಾಸ್ತರ್ರೀ" ಎಂದು ಗುಮಾಸ್ತ ದೂರು ಕೊಟ್ಟ.

ತಪ್ಪು ಅವರಿಬ್ಬರದು ಎನ್ನುವಂತಿರಲಿಲ್ಲ. ರತ್ನಾಬಾಯಿ ಊರ ಸರ್ಕಾರಿ ದವಾಖಾನೆಯ ಸೂಲಗಿತ್ತಿ ನರ್ಸು. ಹುಟ್ಟುವ ಕೂಸುಗಳು ಗಡಿಯಾರ ನೋಡಿ ಹುಟ್ಟುತ್ತವೆಯೇ? ನಸುಕಿನಲ್ಲಿ ಒಂದು ಬಂಡಿ ಬಂದು ಬಾಗಿಲಿಗೆ ನಿಲ್ಲುತ್ತಿತ್ತು, ಉಣ್ಣುವ ಹೊತ್ತಿಗೆ ಇನ್ನೊಂದು. ಇತ್ತ ಕಲ್ಯಾಣಪ್ಪನ ಪಾಳಿಯೋ, ಈ ವಾರ ಬೆಳಗು, ಬರುವ ವಾರ ಸಂಜೆ, ಅದರಾಚೆ ರಾತ್ರಿ. ಸೇಡಮಿನ ಮಾಸ್ತರನಿಗೆ ಜ್ವರ ಬಂದರೆ ಅವನ ಪಾಳಿಯೂ ಇವನ ಹೆಗಲಿಗೆ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳವಾಡುವುದಕ್ಕೂ ಗಂಡ ಹೆಂಡಿರು ಒಂದು ಕಡೆ ಸೇರುತ್ತಿರಲಿಲ್ಲ. ಕಾಳಗಿಯಿಂದ ಒಬ್ಬ ಮುದುಕಿ ಅತ್ತೆಯನ್ನು ಕರೆಸಿ ನೋಡಿದ್ದಾಯಿತು. ತೊಟ್ಟಿಲು ತೂಗುತ್ತ ತೂಗುತ್ತ ಅವಳೇ ಗೊರಕೆ ಹೊಡೆಯುತ್ತಿದ್ದಳು, ದಾನಮ್ಮ ಇಳಿದು ಬಂದು ಅವಳ ಎಲೆಯಡಿಕೆ ಸಂಚಿಯನ್ನು ಬಾವಿಗೆ ಹಾಕುತ್ತಿದ್ದಳು. ಎಂಟೇ ದಿನಕ್ಕೆ ಅತ್ತೆ ಕಾಳಗಿಗೆ ವಾಪಸು!

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆದರೆ ರತ್ನಾಬಾಯಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮುಂದಿನ ಬುಧವಾರ ಕಲಬುರ್ಗಿಯ ದೊಡ್ಡ ಡಾಕ್ಟರಬಾಯಿ ಬಂದು ಅದನ್ನು ತೀರ್ಮಾನಿಸುವವರಿದ್ದರು. ಆಕೆ ಮೊದಲೇ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: "ಹೊತ್ತಿಲ್ಲ ಗೊತ್ತಿಲ್ಲ ಓಡೋ ಕೆಲಸ ಇದು. ನಿನ್ನ ಕೂಸಿಂದು ಬಂದೋಬಸ್ತ್ ಏನದ ಅಂತ ನನ್ನ ಕಣ್ಣಿಲೆ ನೋಡ್ತೀನಿ. ಸರಿ ಇತ್ತಂದ್ರ ಖಾಯಂ. ಇಲ್ಲಂದ್ರ ಆ ಜಾಗಾಕ್ಕ ಬ್ಯಾರೆದಾಕಿ."

"ಡಾಕ್ಟರಬಾಯಿ ಬಂದ ದಿನಾನೂ ಕೂಸು ತಕ್ಕಡಿ ಮ್ಯಾಲ ಕುಂತಿತ್ತಂದ್ರ ನನ್ನ ಕೆಲಸ ಹೋತಂತ ತಿಳೀರಿ" ಎಂದಳು ರತ್ನಾಬಾಯಿ.

"ಫಿಕರ್ ಮಾಡಬ್ಯಾಡ! ನಾಳಿಂದ ನಮ್ಮ ಮನ್ಯಾಗ ಟೋಕನ್ ಖಾಯ್ದೆ!" ಎಂದ ಕಲ್ಯಾಣಪ್ಪ.

ಟೋಕನ್ ಎಂದರೆ ಒಂಟಿ ಹಳಿಯ ದಾರಿಗಳಲ್ಲಿ ಬಳಸುವ ಒಂದು ಲೋಹದ ಗುಂಡು. ಅದನ್ನು ಚರ್ಮದ ಚೀಲದಲ್ಲಿ ಹಾಕಿ ಬೆತ್ತದ ಬಳೆಗೆ ಕಟ್ಟಿರುತ್ತಾರೆ. ಸ್ಟೇಷನ್ ಮಾಸ್ತರ ಅದನ್ನು ಕೊಡದೆ ಡ್ರೈವರ್ ಗಾಡಿಯನ್ನು ಒಂದು ಗೇಣೂ ಮುಂದೆ ಬಿಡುವಂತಿಲ್ಲ. ಹೀಗಾಗಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗುವ ಮಾತೇ ಇಲ್ಲ. ಕೂಸಿಗೂ ಇದನ್ನೇ ಹಚ್ಚಿದರೆ? ಒಂದು ಕೂಸು, ಒಂದು ಟೋಕನ್! ಇಂಥ ಬುದ್ಧಿ ಭೂಮಂಡಲದಲ್ಲಿ ಇನ್ನಾರಿಗೂ ಹೊಳೆದಿರಲಿಕ್ಕಿಲ್ಲ ಎಂದು ಕಲ್ಯಾಣಪ್ಪನಿಗೆ ಆ ಕ್ಷಣಕ್ಕೇ ಖಾತ್ರಿಯಾಯಿತು.

ಮರುದಿನವೇ ಟೋಕನ್ ತಯಾರು! ಬಿದಿರು ಬಗ್ಗಿಸಿ ಒಂದು ಗೇಣಿನ ಬಳೆ ಮಾಡಿದ. ಕೈಗೆ ಚುಚ್ಚಬಾರದೆಂದು ರತ್ನಾಬಾಯಿಯ ಹಳೆಯ ಕೆಂಪು ಸೀರೆಯನ್ನು ಹರಿದು ದಪ್ಪಗೆ ಸುತ್ತಿದ. ಕೆಳಗೆ ಒಂದು ಪುಟ್ಟ ಚೀಲ, ಅದರೊಳಗೆ ಮರದ ಗುಂಡು. ಮೆತ್ತಗೆ, ದುಂಡಗೆ, ಭಾಳ ಚೆಂದಾಗಿತ್ತು. ಅಷ್ಟು ಚೆಂದ ಆಗಬಾರದಾಗಿತ್ತು ಎಂಬುದು ಅವನಿಗೆ ಆಗ ಹೇಗೆ ತಿಳಿಯಬೇಕು!

ಹೆಂಗಸರಿಬ್ಬರನ್ನೂ ಕೂಡಿಸಿ ಖಾಯ್ದೆ ಓದಿದ. "ಟೋಕನ್ ಯಾರ ಕೈಯಾಗ ಅದನೋ ಕೂಸು ಆಕೀ ಜಿಮ್ಮಾ. ಒಂದ್ ಹಳಿಗಿ ಎರಡು ಟೋಕನ್ ಬಂದ್ರ ಗಾಡಿ ಡಿಕ್ಕಿ ಹೊಡೀತಾವ, ಅದಕ್ಕ ಕೂಸಿಗೂ ಒಂದೇ. ಟೋಕನ್ ಇಲ್ಲದವರಿಗೆ ಕೂಸು ಕೊಡಬಾರದು. ದೇವ್ರು ಬಂದು ಕೇಳಿದ್ರೂ ಕೊಡಬಾರದು!"

"ನೀವು ಬಂದ್ರ, ಸಾಬ್?" ಎಂದಳು ಅಮೀರ್ಬೀ.

"ನಾ ಬಂದ್ರೂ ಕೊಡಬಾರದು! ಖಾಯ್ದೆ ಅಂದ್ರ ಖಾಯ್ದೆ!"

"ಟೋಕನ್ ಕಳೀತಂದ್ರ?"

"ಗಾಡಿ ನಿಂತಲ್ಲೇ ನಿಲ್ಲಬೇಕು. ಟೋಕನ್ ಸಿಗೂತನಕ ಒಂದ್ ಹೆಜ್ಜಿ ಅಳ್ಳಾಡಬಾರದು!"

ಅಮೀರ್ಬೀ ತಲೆಯಾಡಿಸಿದಳು. ಒಮ್ಮೆ ಹೇಳಿದ್ದನ್ನು ಸಾಯುವತನಕ ಮರೆಯುವ ಪೈಕಿ ಅಲ್ಲ ಅವಳು. ರತ್ನಾಬಾಯಿ ಮಾತ್ರ ಒಳಗಿನಿಂದಲೇ ಕೇಳಿದಳು, "ಅಲ್ರೀ, ಕೂಸಿಗಿ ಹಸಿವಾತಂದ್ರ ಟೋಕನ್ನೇ ಚೀಪ್ಬೇಕೇನು?"

ನಗುವವರು ನಗಲಿ! ಆರು ದಿನ ಖಾಯ್ದೆ ಗಡಿಯಾರದಂತೆ ನಡೆಯಿತು. ಬಳೆ ಅಮೀರ್ಬೀ ಕೈಯಿಂದ ಭೀಮಬಾಯಿ ಕೈಗೆ, ಭೀಮಬಾಯಿ ಕೈಯಿಂದ ರತ್ನಾಬಾಯಿ ಕೈಗೆ, ಬಳೆಯ ಹಿಂದೆಯೇ ಕಂಕುಳಲ್ಲಿ ದಾನಮ್ಮ. ಒಂದು ಸಲವೂ ಕೂಸು ತಪ್ಪಲಿಲ್ಲ, ಎರಡೆರಡು ಸಲ ಉಣ್ಣಲಿಲ್ಲ. ಕಲ್ಯಾಣಪ್ಪ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ! ಈ ಯೋಜನೆಯನ್ನು ಮೇಲಿನವರಿಗೆ ಬರೆದು ಕಳಿಸಬೇಕು, ಅವರು ಅದನ್ನು ಇಡೀ ದೇಶದ ಕ್ವಾರ್ಟರ್ಸುಗಳಲ್ಲಿ ಜಾರಿ ಮಾಡಬೇಕು, ಸ್ಟೇಷನ್ನಿನ ಗೋಡೆಗೆ ತನ್ನದೊಂದು ಫೋಟೋ ತೂಗಬೇಕು. ಫೋಟೋಕ್ಕೆ ರುಮಾಲು ಸುತ್ತಬೇಕೋ ಟೋಪಿ ಇಡಬೇಕೋ ಎಂಬುದೊಂದೇ ತೀರ್ಮಾನವಾಗದೆ ಉಳಿದಿತ್ತು.

ಮಂಗಳವಾರ ಹೆಂಡತಿಗೆ ಹೇಳಿದ, "ನಾಳಿ ಡಾಕ್ಟರಬಾಯಿ ಮಧ್ಯಾಹ್ನದ ಪ್ಯಾಸೆಂಜರಿನ್ಯಾಗ ಇಳೀತಾರ. ಇಳದ ಕೂಡ್ಲೇ ಪ್ಲಾಟ್‌ಫಾರ್ಮಿನ ಮ್ಯಾಲೇ ಟೋಕನ್ ಸಮೇತ ಕೂಸು ಕೊಟ್ಟು ತಗೊಳ್ಳೋದು ಮಾಡಿ ತೋರಸ್ತೀನಿ. ಸೀಟಿ ಊದಿ, ಬಾವುಟ ಬೀಸಿ!"

"ಸರ್ಕಸ್ ನಕೋ, ಬ್ಯಾಡ! ಕೂಸು ಸುಮ್ನ ಮನ್ಯಾಗ ಆಡ್ಕೋತ ಇರ್ಲಿ. ಅವ್ರು ಬಂದು ನೋಡ್ತಾರ, ಹೋಗ್ತಾರ, ಮುಗೀತು."

"ನಿನಗ ತಿಳ್ಯಂಗಿಲ್ಲ, ರತ್ನಾ. ದೊಡ್ಡವರಿಗಿ ದೊಡ್ಡದಾಗೇ ತೋರಸ್ಬೇಕು."

ಬುಧವಾರ ಬಂತು. ನಸುಕಿನಲ್ಲೇ ದಂಡೋತಿಯಿಂದ ಬಂಡಿ ಬಂದು ರತ್ನಾಬಾಯಿಯನ್ನು ಹೆರಿಗೆಗೆ ಕರೆದೊಯ್ದಿತು. ಪ್ಯಾಸೆಂಜರ್ ಬರುವುದರೊಳಗೆ ನೇರ ಸ್ಟೇಷನ್ನಿಗೆ ಬರುತ್ತೇನೆಂದು ಹೇಳಿ, ಕೂಸನ್ನೂ ಟೋಕನ್ನನ್ನೂ ಭೀಮಬಾಯಿಗೆ ಕೊಟ್ಟು ಹೋದಳು. ಕಲ್ಯಾಣಪ್ಪನದು ಬೆಳಗಿನ ಪಾಳಿ. ಹತ್ತು ಗಂಟೆಗೆ ವಾಡಿ ಕಡೆಯ ಗಾಡಿಗೆ ಹಸಿರು ಬಾವುಟ ತೋರಿಸಿ ಕಳಿಸಿದ. ಹನ್ನೊಂದಕ್ಕೆ ಹೊಸ ಹಸಿರು ಲಂಗ, ಕಾಡಿಗೆ ಡಬ್ಬಿ ಹಿಡಿದುಕೊಂಡು, ಕೂಸನ್ನು ಸಿಂಗರಿಸಿ ತರಲು ಭೀಮಬಾಯಿ ಮನೆಗೆ ನಡೆದ. ಕಟ್ಟೆಯ ಮೇಲೆ ಸಾಬಣ್ಣ ಒಬ್ಬನೇ ಕೂತು ಬೀಡಿ ಸೇದುತ್ತಿದ್ದ.

"ಭೀಮಬಾಯಿ ಎಲ್ಲಿ?"

"ಆಕೀ ಹತ್ತರ ಗಾಡಿಗಿ ಹೋದಳ್ರೀ, ವಾಡ್ಯಾಗ ಗಾಡಿ ಬದಲ್ ಮಾಡಿ ಶಹಾಬಾದಕ್ಕ. ಆಕೀ ತಮ್ಮನ ಬಸುರಿ ಹೆಂಡ್ತಿಗಿ ಕುಬುಸದ ಕಾರ್ಯ ಅದ. ಹೊಳಿದಂಡಿ ಕರಬೂಜ ಒಂದ್ ಬುಟ್ಟಿ ಹೊತ್ಕೊಂಡು ಹೋದಳು. ಕೂಸು ಅಮೀರ್ಬೀ ಕಡಿ ಅದ, ಚಿಂತಿ ಮಾಡಬ್ಯಾಡ್ರಿ."

ಕಲ್ಯಾಣಪ್ಪ ಶಿಳ್ಳೆ ಹಾಕುತ್ತ ಅಮೀರ್ಬೀ ಮನೆಗೆ ಹೋದ. ಬಾಗಿಲಿಗೆ ಒಳಗಿನಿಂದ ಅಗಳಿ! ಕಿಟಕಿಯಲ್ಲಿ ನೋಡಿದರೆ ದಾನಮ್ಮ ಬೆಲ್ಲ ಹಚ್ಚಿದ ರೊಟ್ಟಿ ತಿನ್ನುತ್ತಿದ್ದಾಳೆ. ಅಮೀರ್ಬೀ ಬಾಗಿಲಿಗೆ ಬೆನ್ನು ಕೊಟ್ಟು ಕೋಟೆಯ ಕಾವಲಿನವಳಂತೆ ಕೂತಿದ್ದಾಳೆ.

"ಅಮೀರ್ಬೀ, ಬಾಗಿಲು ತಗಿ. ಕೂಸಿನ್ನ ಕೊಡು."

"ಟೋಕನ್ ಎಲ್ಲದ, ಸಾಬ್?"

"ಟೋಕನ್ ನಿನ್ನ ಹತ್ರ ಇರಬೇಕಲ್ಲ!"

"ಇಲ್ಲ! ಗಾಡಿ ಸೀಟಿ ಹೊಡೀಲಿಕತ್ತಿತ್ತು. ಭೀಮಬಾಯಿ ಓಡಿ ಬಂದು ಕೂಸು ಕೊಟ್ಟು, ಟೋಕನ್ ನಮ್ಮ ಮನಿ ಗೂಟಕ್ಕ ಅದ ತಗೋ ಅಂದು ಓಡಿದ್ಳು. ಹೋಗಿ ನೋಡಿದ್ರ ಗೂಟ ಖಾಲಿ! ಟೋಕನ್ ಕಳದದ. ಅದಕ್ಕ ಗಾಡಿ ನಿಂತಲ್ಲೇ ನಿಂತದ."

"ಶಾಬಾಸ್! ಛಲೋ ಮಾಡಿದಿ. ಈಗ ನಾ ಬಂದೀನಲ್ಲ, ಕೊಡು."

"ನೀವು ಬಂದ್ರೂ ಕೊಡಬಾರದು ಅಂತ ನೀವೇ ಹೇಳೀರಿ."

"ಈಗ ನಾನೇ ಹೇಳ್ಳಿಕತ್ತೀನಿ, ಕೊಡು!"

ಅಮೀರ್ಬೀ ಮರುಕದಿಂದ ಅವನನ್ನು ನೋಡಿದಳು. "ಅವತ್ತಿನ ನೀವು ಭಾಳ ಶಾಣ್ಯಾ ಇದ್ರಿ, ಸಾಬ್. ಅವ್ರ ಮಾತು ಬಿಟ್ಟು ಇವತ್ತಿನ ನಿಮ್ಮ ಮಾತು ಹ್ಯಾಂಗ್ ಕೇಳ್ಲಿ?"

ಕಲ್ಯಾಣಪ್ಪ ಲಂಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮರಳಿ ಸಾಬಣ್ಣನ ಕಡೆಗೆ ಓಡಿದ. ಗೂಟದ ಮೇಲಿನ ಟೋಕನ್ ಎಲ್ಲಿ? ಸಾಬಣ್ಣ ತಲೆ ಕೆರೆದುಕೊಂಡ. "ಬುಟ್ಟಿ ಹೊರ್ಲಿಕ್ಕಿ ಸಿಂಬಿ ಸಿಗವಲ್ದು ಅಂತ ಒದರ್ಯಾಡ್ಲಿಕತ್ತಿದ್ಳ್ರೀ. ಗಾಡಿ ಬಂತು. ಗೂಟದ ಮ್ಯಾಲಿಂದು ಕೆಂಪಂದು ಏನೋ ತಗೊಂಡು ತಲಿಮ್ಯಾಲ ಇಟ್ಕೊಂಡು..."

ಸಿಂಬಿ! ಕೊಡ, ಬುಟ್ಟಿ ಹೊರುವಾಗ ಹೆಂಗಸರು ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಬಳೆ! ಮೆತ್ತಗೆ, ದುಂಡಗೆ, ಒಂದು ಗೇಣಿನದು! ಕಲ್ಯಾಣಪ್ಪನ ಮಹಾ ಯೋಜನೆ ಒಂದು ಬುಟ್ಟಿ ಕರಬೂಜದ ಕೆಳಗೆ ಕೂತು ವಾಡಿಗೆ ಹೋಗಿತ್ತು. ಆ ಗಾಡಿಗೆ ಹಸಿರು ಬಾವುಟ ತೋರಿಸಿ ಕಳಿಸಿದವನು ತಾನೇ!

ಸ್ಟೇಷನ್ನಿಗೆ ಓಡಿ ವಾಡಿಗೆ ಫೋನು ತಿರುವಿದ. ಆ ತುದಿಯಲ್ಲಿ ವಾಡಿಯ ಮಾಸ್ತರ ರೇವಣಪ್ಪ.

"ರೇವಣಪ್ಪಾ, ನಮ್ಮ ಟೋಕನ್ ನಿಮ್ಮ ಪ್ಲಾಟ್‌ಫಾರ್ಮಿನ ಮ್ಯಾಲ ಒಬ್ಬ ಹೆಣ್ಮಗಳ ತಲಿಮ್ಯಾಲ ಅದ! ಹಿಡದು ನಿಲ್ಲಸು!"

"ಏನು!" ರೇವಣಪ್ಪನ ಚೀರಾಟಕ್ಕೆ ಫೋನು ನಡುಗಿತು. "ಟೋಕನ್ ಹೆಣ್ಮಗಳ ತಲಿಮ್ಯಾಲ? ಎಲ್ಲಾ ಗಾಡಿ ನಿಲ್ಲಸ್ಲೇನು?"

"ಬ್ಯಾಡ ಬ್ಯಾಡ! ಗಾಡಿ ಟೋಕನ್ ಅಲ್ಲ, ನಮ್ಮ ಕೂಸಿನ ಟೋಕನ್!"

ಆ ಕಡೆಯಿಂದ ಮೆತ್ತಗಿನ ದನಿ ಬಂತು. "ಕಲ್ಯಾಣಪ್ಪಾ, ನಿನ್ನಿ ಬಿಸಲಾಗ ಭಾಳ ಅಡ್ಡಾಡಿದ್ಯೇನು?"

ಅಂತೂ ರೇವಣಪ್ಪ ಒಳ್ಳೆಯವನು, ಹುಡುಕಿದ. ಕಾಲು ಗಂಟೆಗೆ ಮತ್ತೆ ಫೋನು. "ಇಲ್ಲಿ ನಲವತ್ತು ಹೆಣ್ಮಕ್ಕಳ ತಲಿಮ್ಯಾಲ ಸಿಂಬಿ ಅದಾವ! ಕೆಂಪು ಸಿಂಬೀದಾಕಿ ಒಬ್ಬಾಕಿನ್ನ ಹಿಡದೆ. ಆಕೀ ಭೀಮಬಾಯಿ ಅಲ್ಲಂತ. ಬುಟ್ಟಿ ಬಿದ್ದು ಪ್ಲಾಟ್‌ಫಾರ್ಮ್ ತುಂಬ ಬದನಿಕಾಯಿ ಉಳ್ಳಾಡ್ಲಿಕತ್ತಾವ. ನನಗ ಬೈಯ್ಯಾಕತ್ತಾಳ, ನಿನಗ ಕೇಳ್ಸ್ಲಿಕತ್ತದೇನು?"

ಕೇಳಿಸುತ್ತಿತ್ತು. ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು.

"ಮತ್ತ ಭೀಮಬಾಯಿ?"

"ಶಹಾಬಾದ ಗಾಡಿ ಈಗರೇ ಬಿಟ್ಟೆ. ಕಿಟಕ್ಯಾಗ ಒಬ್ಬಾಕಿ ನನ್ನ ನೋಡಿ ನಗ್ತಿದ್ಳು. ಆಕೀ ತಲಿಮ್ಯಾಲಿನ ಸಿಂಬಿಗಿ ಒಂದ್ ಚೀಲ ಜೋತಾಡ್ತಿತ್ತು. ಅದೇ ಏನಪಾ ನಿಂದು?"

ಕಲ್ಯಾಣಪ್ಪ ಫೋನು ಇಟ್ಟ. ಪ್ಯಾಸೆಂಜರಿಗೆ ಇನ್ನು ಅರ್ಧ ತಾಸು. ನಿಜವಾದ ರೈಲಿನ ಟೋಕನ್ನನ್ನೇ ಒಯ್ದು ತೋರಿಸಲೇ ಎಂಬ ದುರ್ಬುದ್ಧಿ ಒಂದು ಕ್ಷಣ ಬಂತು. ಗಲ್ಲಕ್ಕೆ ತಾನೇ ಒಂದು ಏಟು ಹಾಕಿಕೊಂಡ. ಕೊನೆಗೆ ಕಸಬರಿಗೆಗೆ ಕಟ್ಟಿದ ಹಗ್ಗ ಬಿಚ್ಚಿ ಬಳೆ ಮಾಡಿ, ತನ್ನ ಕರ್ಚೀಫು ಸುತ್ತಿ, ಮಸಿ ದವತಿಯ ಬಿರಡೆಯನ್ನು ಗುಂಡಿನಂತೆ ಕಟ್ಟಿಕೊಂಡು ಓಡಿದ.

"ತಗೋ ಅಮೀರ್ಬೀ ಅಕ್ಕಾ, ಟೋಕನ್!"

ಅಮೀರ್ಬೀ ಕಿಟಕಿಯ ಸರಳುಗಳ ನಡುವೆ ಕೈ ಚಾಚಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ಕಳ್ಳ ಟೋಕನ್."

"ಡುಪ್ಲಿಕೇಟು, ಅಕ್ಕಾ!"

"ತೋಬಾ ತೋಬಾ! ಒಂದ್ ಹಳಿಗಿ ಎರಡು ಟೋಕನ್ ಬಂದ್ರ ಗಾಡಿ ಡಿಕ್ಕಿ ಹೊಡೀತಾವಂತ ನೀವೇ ಹೇಳೀರಲ್ಲ! ಮಾಸ್ತರ್ರಾಗಿ ಹಿಂಗ್ ಮಾಡ್ಬೇಕಾ?"

"ನಮ್ಮವ್ವಾ, ನಿನ್ನ ಕಾಲು ಬೀಳ್ತೀನಿ!"

"ಬೀಳ್ರಿ. ಟೋಕನ್ ತಂದು ಬೀಳ್ರಿ."

ಇನ್ನು ಒಂದೇ ದಾರಿ ಉಳಿದಿತ್ತು. ಹಿತ್ತಲಿನ ಕಿಟಕಿಗೆ ಸರಳಿರಲಿಲ್ಲ. ಕಲ್ಯಾಣಪ್ಪ ಒಂದು ಕಾಲು ಒಳಗೆ ಹಾಕಿದ. ದಾನಮ್ಮ ಸಂತೋಷದಿಂದ ಚಪ್ಪಾಳೆ ತಟ್ಟಿದಳು. ಅಮೀರ್ಬೀ ಲಟ್ಟಣಿಗೆ ತೆಗೆದುಕೊಂಡಳು. ಸರಿಯಾಗಿ ಅದೇ ಹೊತ್ತಿಗೆ ದೂರದಲ್ಲಿ ಪ್ಯಾಸೆಂಜರಿನ ಕೂಗು! ಕೈಯಲ್ಲಿದ್ದ ಕಾಡಿಗೆ ಡಬ್ಬಿ ಬಿಚ್ಚಿ ಮೂಗಿಗೆ ಮೆತ್ತಿತು. ಕಾಲು ಕಿತ್ತುಕೊಂಡ. ಕಾಲು ಬಂತು, ಬಿಳಿ ಪ್ಯಾಂಟಿನ ಅರ್ಧ ಭಾಗ ಕಿಟಕಿಯ ಮೊಳೆಗೇ ಉಳಿಯಿತು.

ಪ್ಲಾಟ್‌ಫಾರ್ಮಿಗೆ ಬಂದು ಬಿದ್ದಾಗ ಗಾಡಿ ನಿಂತಿತ್ತು. ಮೊದಲನೆಯ ಡಬ್ಬಿಯಿಂದ ಕನ್ನಡಕ, ಕೊಡೆ, ಬಿಗಿದ ತುಟಿ, ಹೀಗೆ ಒಂದೊಂದಾಗಿ ದೊಡ್ಡ ಡಾಕ್ಟರಬಾಯಿ ಇಳಿದರು. ರತ್ನಾಬಾಯಿಯ ಬಂಡಿಯೂ ಆಗಲೇ ಬಂದು ಅವಳು ಕೈ ಮುಗಿದು ನಿಂತಿದ್ದಳು. ಗಾಡಿ ಬಿಡುವ ಹೊತ್ತಾಯಿತು. ಕಲ್ಯಾಣಪ್ಪ ಕಂಕುಳಿನಿಂದ ಹಸಿರು ಬಾವುಟ ಎಳೆದು ಗಂಭೀರವಾಗಿ ಬೀಸಿದ. ಗಾಡಿ ಅಲುಗಲಿಲ್ಲ. ಇನ್ನೂ ಜೋರಾಗಿ ಬೀಸಿದ. ಇಂಜಿನ್ನಿನಿಂದ ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ:

"ಮಾಸ್ತರ್ರೀ, ಲಂಗಾ ನೋಡಿ ಗಾಡಿ ಬಿಡ್ರಿ ಅಂತ ಯಾವ ಖಾಯ್ದ್ಯಾಗ ಅದ?"

ಹೌದು, ಅವನ ಕೈಯಲ್ಲಿ ದಾನಮ್ಮನ ಹೊಸ ಲಂಗ ಗಾಳಿಗೆ ಪಟಪಟಿಸುತ್ತಿತ್ತು! ಡಬ್ಬಿ ಡಬ್ಬಿಯ ಕಿಟಕಿಗಳಲ್ಲೂ ನಗು. ಡಾಕ್ಟರಬಾಯಿ ಕನ್ನಡಕ ಸರಿಪಡಿಸಿಕೊಂಡು ಒಂದು ಸಲ ನೋಡಿದರು. ರತ್ನಾಬಾಯಿಯತ್ತ ತಿರುಗಿ "ಕೂಸು ಎಲ್ಲದ? ತೋರ್ಸು ನಡಿ" ಎಂದರು.

ಗಾಡಿ ಕಳಿಸಿ, ಹರಿದ ಪ್ಯಾಂಟನ್ನು ಲಂಗದಿಂದ ಮುಚ್ಚಿಕೊಂಡು ಕಲ್ಯಾಣಪ್ಪ ಹಿಂದೆಯೇ ಓಡಿದ. ಅಷ್ಟರಲ್ಲಿ ಡಾಕ್ಟರಬಾಯಿ ಅಮೀರ್ಬೀ ಬಾಗಿಲು ಬಡಿಯುತ್ತಿದ್ದರು.

"ಬಾಗಿಲು ತಗಿ. ನಾ ಕಲಬುರ್ಗಿ ದೊಡ್ಡ ಡಾಕ್ಟರ್."

"ಟೋಕನ್ ತಂದೀರೇನ್ರೀ?"

"ಎಂಥ ಟೋಕನ್? ನಾ ಸರ್ಕಾರದವಳು!"

"ದೇವ್ರು ಬಂದ್ರೂ ಕೂಸು ಕೊಡಬಾರದು ಅಂತ ಹೇಳ್ಯಾರ್ರೀ. ಸರ್ಕಾರ ದೇವ್ರಿಗಿಂತ ದೊಡ್ಡದೇನು?"

ಕಲ್ಯಾಣಪ್ಪ ಬೇವಿನ ಮರಕ್ಕೆ ಆತುಕೊಂಡು ನಿಂತ. ಮುಗಿಯಿತು! ಮೂರು ವರ್ಷದಿಂದ ಬಿಸಿಲು ಮಳೆ ಎನ್ನದೆ ಬಂಡಿಯಲ್ಲಿ ಕುಲುಕಾಡಿ ಊರೂರು ತಿರುಗಿದ ರತ್ನಾ, ಸುಲೇಪೇಟದ ತವರಿನವರು ಬೈದರೂ ಈ ಕೆಲಸ ಬಿಡದ ರತ್ನಾ. ಅವಳ ಅನ್ನದ ಮೇಲೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು. ಸರ್ಕಸ್ ನಕೋ ಅಂದಿದ್ದಳು. ಕೇಳಬೇಕಿತ್ತು.

ರತ್ನಾಬಾಯಿ ಮುಂದೆ ಬಂದು ಮೆಲ್ಲಗೆ ಅಂದಳು, "ಅಮೀರ್ಬೀ ಅಕ್ಕಾ, ನಾ ಬಂದೀನಿ..."

ಮಾತು ಮುಗಿಯುವುದರೊಳಗೆ ಅಗಳಿ ಸರಿಯಿತು. ಬಾಗಿಲು ಹಾರು ಹೊಡೆಯಿತು. ದಾನಮ್ಮ ಬೆಲ್ಲದ ಕೈಯಲ್ಲೇ ಅವ್ವನ ಕೊರಳಿಗೆ ಜೋತುಬಿದ್ದಳು.

ಕಲ್ಯಾಣಪ್ಪನ ಅಳು ಎಲ್ಲಿ ಹೋಯಿತೋ! "ಅನ್ಯಾಯ! ಆಕೀ ಹತ್ರ ಟೋಕನ್ ಎಲ್ಲದ?"

"ತಾಯಿಗ್ಯಾಕ ಟೋಕನ್, ಸಾಬ್?" ಅಮೀರ್ಬೀಗೆ ಅವನ ಪೆದ್ದುತನ ಸಹಿಸಲಾಗಲಿಲ್ಲ. "ಟೋಕನ್ ಅಡ್ಡಾಡೋ ಗಾಡಿಗಿ. ತಾಯಿ ಅಂದ್ರ ಸ್ಟೇಷನ್! ಎಲ್ಲಾ ಗಾಡಿ ಬಂದು ನಿಲ್ಲೋದೇ ಅಲ್ಲಿ."

ಡಾಕ್ಟರಬಾಯಿ ಕೊಡೆಯನ್ನು ಗೋಡೆಗೆ ಆನಿಸಿ ಮಂಚದ ಮೇಲೆ ಕೂತರು. "ಏನದು ಟೋಕನ್ ಕಥಿ? ಮೊದಲಿಂದ ಹೇಳ್ರಿ" ಎಂದರು. ಅಮೀರ್ಬೀ, ಕಟ್ಟೆಯಿಂದ ಎದ್ದು ಬಂದ ಸಾಬಣ್ಣ ಇಬ್ಬರೂ ಹೇಳಿದರು. ಸಿಂಬಿ, ಕರಬೂಜ, ಕಳ್ಳ ಟೋಕನ್, ಕಿಟಕಿಯೊಳಗಿನ ಕಾಲು, ಏನನ್ನೂ ಬಿಡದೆ ಹೇಳಿದರು. ರತ್ನಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಡಾಕ್ಟರಬಾಯಿಯ ಬಿಗಿದ ತುಟಿ ಮೊದಲು ಒಂದು ಕಡೆ ಸಡಿಲಿತು, ಆಮೇಲೆ ಇನ್ನೊಂದು ಕಡೆ.

"ನಲವತ್ತು ದವಾಖಾನಿ ನೋಡೀನಿ. ಇಂಥ ಬಂದೋಬಸ್ತ್ ಎಲ್ಲೂ ನೋಡಿಲ್ಲ. ಸರ್ಕಾರಕ್ಕೂ ಬಾಗಿಲು ತಗೀಲಿಲ್ಲ! ಈ ಅಮೀರ್ಬೀ ಇರೂತನಕ ನಿನ್ನ ಕೂಸಿನ ಕಾಳಜಿ ನನಗಿಲ್ಲ, ರತ್ನಾಬಾಯಿ. ನಿನ್ನ ಕೆಲಸ ಖಾಯಂ" ಎಂದು ಕಾಗದ ತೆಗೆದು ಬರೆದು ಅವಳ ಕೈಗೆ ಕೊಟ್ಟೇಬಿಟ್ಟರು.

ಕಲ್ಯಾಣಪ್ಪ ಒಂದೇ ನೆಗೆತಕ್ಕೆ ಮುಂದೆ ಬಂದ. "ಕೇಳಿದ್ಯಾ ರತ್ನಾ! ಖಾಯಂ! ಎಲ್ಲಾ ನನ್ನ ಟೋಕನ್ ಖಾಯ್ದೆ ಕಮಾಲ್!"

ಡಾಕ್ಟರಬಾಯಿ ಅವನ ಕಡೆಗೆ ತಿರುಗಿದರು. ಹರಿದ ಪ್ಯಾಂಟು, ಸೊಂಟಕ್ಕೆ ಹಸಿರು ಲಂಗ, ಮೂಗಿನ ಮೇಲೆ ಕಾಡಿಗೆ. "ಈ ಲಂಗಾ ಬೀಸಿದವ್ರು ಇಲ್ಲಿಗೂ ಬಂದಾರಲ್ಲ. ಯಾರಿವ್ರು?"

"ನಮ್ಮ ಮನಿಯವ್ರ್ರೀ" ಎಂದಳು ರತ್ನಾಬಾಯಿ, ನೆಲ ನೋಡುತ್ತ.

"ಹಾಂ?" ಎಂದು ಡಾಕ್ಟರಬಾಯಿ ಕೊಟ್ಟ ಕಾಗದವನ್ನು ವಾಪಸು ಇಸಿದುಕೊಂಡು ಇನ್ನೊಂದು ಸಾಲು ಬರೆದು, ಕೊಡೆ ಎತ್ತಿಕೊಂಡು ದವಾಖಾನೆಯ ಕಡೆಗೆ ಹೊರಟುಹೋದರು.

"ನನ್ನ ಹೆಸರು ಬರದಾರೇನು? ಓದು, ಜೋರಾಗಿ ಓದು!" ಕಲ್ಯಾಣಪ್ಪ ಎದೆ ಉಬ್ಬಿಸಿ ನಿಂತ.

ರತ್ನಾಬಾಯಿ ಓದಿದಳು: "ಕೂಸಿನ ಬಂದೋಬಸ್ತ್ ಪಕ್ಕಾ ಇದೆ. ಕೂಸಿನ ತಂದೆಯನ್ನು ನೋಡಿಕೊಳ್ಳಲು ಮಾತ್ರ ಬೇರೆ ಯಾರನ್ನಾದರೂ ಗೊತ್ತು ಮಾಡತಕ್ಕದ್ದು."

ಉಬ್ಬಿದ ಎದೆ ಇಳಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ರತ್ನಾಬಾಯಿ ನಗು ತಡೆದುಕೊಂಡು ಕೇಳಿದಳು, "ಏನಕ್ಕಾ, ಇವ್ರನ್ನೂ ನೀನೇ ನೋಡ್ಕೋತಿ?"

ಅಮೀರ್ಬೀ ಅವನನ್ನು ತಲೆಯಿಂದ ಹರಿದ ಪ್ಯಾಂಟಿನತನಕ ನೋಡಿ ಕೈ ಮುಗಿದಳು.

"ನಕೋ ಬೇಟಿ! ಏಳು ಮಕ್ಕಳ್ನ ಸಾಕೀನಿ, ಖರೇ. ಆದ್ರ ಇಷ್ಟು ಸಣ್ಣ ಕೂಸು ನನ್ನ ಕೈಲೆ ಆಗಂಗಿಲ್ಲ!"